ಊಟಕ್ಕೆ ಮುಂಚಿನ ಕಹಿ

ಏಪ್ರಿಲ್ ತಿಂಗಳ ಸಂಜೆ ಆರಕ್ಕೆ ಕುರೆಕುಪ್ಪದಲ್ಲಿ ಬಿಸಿಲು ಇಳಿದಿರುತ್ತದೆ, ಸೆಕೆ ಇಳಿದಿರುವುದಿಲ್ಲ. ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮುಗಿಸಿದವರ ಬೈಕುಗಳು, ಬಸ್ಸುಗಳು ಒಟ್ಟಿಗೇ ರಸ್ತೆಗೆ ಬೀಳುತ್ತವೆ. ಅದಿರು ಲಾರಿಗಳು ಎಬ್ಬಿಸಿದ ಕೆಂಪು ದೂಳು ಅಂಗಿಯ ಕಾಲರಿನಿಂದ ಹಿಡಿದು ಬೇಲಿಯ ಪಾಪಾಸುಕಳ್ಳಿಯವರೆಗೆ ಎಲ್ಲದರ ಮೇಲೂ ಕೂತಿರುತ್ತದೆ. ಒಂದು ಕಡೆ ಬಾಣಲೆಯಿಂದ ಮಿರ್ಚಿ ಏಳುತ್ತಿದೆ, ಮಂಡಕ್ಕಿಗೆ ಒಗ್ಗರಣೆ ಬೀಳುತ್ತಿದೆ, ಉಪ್ಪು ಹಾಕಿದ ನಿಂಬೆ ಸೋಡಾ ನೊರೆಯೆದ್ದು ಲೋಟದಂಚಿಗೆ ಬರುತ್ತಿದೆ. ಇನ್ನೊಂದು ಕಡೆ ವೈನ್ ಶಾಪಿನ ಕಿಟಕಿಗೆ ಕೈಗಳು ಚಾಚಿವೆ. ಕೊಂಡದ್ದು ‘ನೈಂಟಿ’, ಅಂದರೆ 90 ಮಿಲಿಲೀಟರ್. ಪ್ಯಾಕೆಟ್ ನೀರು ಬೆರೆಸಿ ಗೋಡೆಯ ಮರೆಯಲ್ಲಿ ನಿಂತು ಎರಡು ಗುಟುಕಿಗೆ ಮುಗಿಸಿ, ಮುಖ ಕಿವುಚಿ, ಬಾಯಿಗೊಂದು ಉಪ್ಪಿನಕಾಯಿ ಚೂರು ಹಾಕಿಕೊಂಡರೆ ಸಂಜೆಯ ಪಾನ ಮುಗಿಯಿತು. ಅದರಲ್ಲಿ ರುಚಿ ನೋಡುವ ಮಾತೇ ಇಲ್ಲ. ರುಚಿ ತಿಳಿಯುವ ಮೊದಲೇ ಗಂಟಲು ದಾಟಿಸುವುದು ಅಲ್ಲಿಯ ಜಾಣತನ.

ಮಿಲಾನಿನ ಹೊರಅಂಚಿನಲ್ಲಿ ಸೆಸ್ತೊ ಸಾನ್ ಜೊವಾನ್ನಿ ಎಂಬ ಇನ್ನೊಂದು ಉಕ್ಕಿನ ಊರಿದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಅಲ್ಲಿ ಫಾಲ್ಕ್ ಕಂಪನಿಯ ಕುಲುಮೆಗಳು ಉರಿದವು. ಕಾರ್ಮಿಕ ಚಳವಳಿಯ ಕಾವಿಗೆ ಊರಿಗೆ ‘ಇಟಲಿಯ ಸ್ಟಾಲಿನ್‌ಗ್ರಾಡ್’ ಎಂಬ ಅಡ್ಡಹೆಸರೂ ಬಂತು. ಕುಲುಮೆಗಳು 1990ರ ದಶಕದಲ್ಲಿ ಆರಿದವು. ಅದೇ ಊರಿನಲ್ಲಿ 1904ರಲ್ಲಿ ಶುರುವಾದ ಇನ್ನೊಂದು ಕಾರ್ಖಾನೆಯ ಕಂಪನಿ ಮಾತ್ರ ಇವತ್ತಿಗೂ ಅಲ್ಲೇ ನೆಲೆಸಿದೆ. ಅಲ್ಲಿ ತಯಾರಾಗುತ್ತಿದ್ದುದು ಕಂಪಾರಿ: ದಾಳಿಂಬೆ ರಸದಷ್ಟು ಕೆಂಪಗಿನ, ಮೊದಲ ಗುಟುಕಿಗೆ ಸಿಹಿ ಎನ್ನಿಸಿ ಮರುಕ್ಷಣ ನಾಲಿಗೆಯ ಬುಡ ಹಿಡಿಯುವ ಕಹಿ ಮದ್ಯ. ಬೆಂಗಳೂರಿನ ಕಾಕ್‌ಟೇಲ್ ಬಾರುಗಳಲ್ಲಿ, ಹಂಪಿಗೆ ಬರುವ ಪ್ರವಾಸಿಗರ ಮಾತಿನಲ್ಲಿ, ಮೊಬೈಲಿನ ಚಿತ್ರಗಳಲ್ಲಿ ಈ ಬಣ್ಣವನ್ನು ಈಗ ಹಲವರು ಕಂಡಿದ್ದಾರೆ. ಅದು ಏನು, ಯಾಕೆ ಕಹಿ, ಕಹಿಯಾದರೂ ಯಾಕೆ ಕುಡಿಯುತ್ತಾರೆ ಎಂಬುದು ಅರ್ಧಂಬರ್ಧ ತಿಳಿದ ವಿಷಯ. ಈ ಬಾಟಲಿಯಿಂದ ಕಲಿಯಬೇಕಾದದ್ದು ಏನಾದರೂ ಇದ್ದರೆ ಅದು ಕಹಿಯಲ್ಲೇ ಇದೆ. ಗುಟುಕನ್ನು ನಿಧಾನ ಮಾಡುವುದು, ತಿನಿಸನ್ನು ಜೊತೆಗೆ ಕರೆಯುವುದು, ಊಟಕ್ಕೆ ಜಾಗ ಬಿಡುವುದು ಆ ಕಹಿ. ಅದನ್ನು ಬಿಟ್ಟು ಬಾಟಲಿಯನ್ನಷ್ಟೇ ತಂದುಕೊಂಡರೆ ನಮ್ಮ ಊರಿಗೆ ಸಿಗುವುದು ಇನ್ನೊಂದು ದುಬಾರಿ ಎಣ್ಣೆ, ಅಷ್ಟೇ.

ಬೇರು, ತೊಗಟೆ, ಸಿಪ್ಪೆ

ಗಾಸ್ಪಾರೆ ಕಂಪಾರಿ ಎಂಬಾತ 1860ರಲ್ಲಿ ನೊವಾರಾ ಎಂಬ ಊರಿನಲ್ಲಿ ಈ ಪಾಕವನ್ನು ಕಟ್ಟಿದ. ಆಮೇಲೆ ಮಿಲಾನಿನ ದೊಡ್ಡ ಚರ್ಚಿನ ಎದುರಿನ ಗಾಜು ಛಾವಣಿಯ ಮಾರುಕಟ್ಟೆಯಲ್ಲಿ ಅವನ ಅಂಗಡಿ ತಲೆಯೆತ್ತಿತು. ಗಿಡಮೂಲಿಕೆ, ಬೇರು, ತೊಗಟೆ, ಹಣ್ಣಿನ ಸಿಪ್ಪೆಗಳನ್ನು ಮದ್ಯಸಾರ ಮತ್ತು ನೀರಿನಲ್ಲಿ ನೆನೆಹಾಕಿ ಸಾರ ತೆಗೆದು, ಧಾರಾಳವಾಗಿ ಸಕ್ಕರೆ ಸೇರಿಸುವುದು ಇಂಥ ಮದ್ಯಗಳ ಸಾಮಾನ್ಯ ವಿಧಾನ. ಕಂಪಾರಿಯ ಪೂರ್ಣ ಪಟ್ಟಿಯನ್ನು ಕಂಪನಿ ಇನ್ನೂ ಗುಟ್ಟಾಗಿಯೇ ಇಟ್ಟಿದೆ. ಬಣ್ಣದ ಗುಟ್ಟು ಮಾತ್ರ ಬಯಲಾದದ್ದು. ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಎಂಬ ಹುಳುವನ್ನು ಒಣಗಿಸಿ ಪುಡಿ ಮಾಡಿ ತೆಗೆದ ಕೆಂಪನ್ನು ಹಿಂದೆ ಬಳಸುತ್ತಿದ್ದರು. 2006ರಿಂದ ಬಹುತೇಕ ಮಾರುಕಟ್ಟೆಗಳಲ್ಲಿ ಕೃತಕ ಬಣ್ಣ ಬಂದಿದೆ. ಸಸ್ಯಾಹಾರಿಗಳು ಲೇಬಲ್ ಓದುವುದು ಒಳ್ಳೆಯದು.

ಕಂಪಾರಿ ಒಂಟಿಯಲ್ಲ. 1919ರಲ್ಲಿ ಪಾದುವಾದಲ್ಲಿ ಬಂದ ಅಪೆರೋಲ್ ಇದರ ಸೌಮ್ಯ ತಮ್ಮ. ಮದ್ಯಸಾರ ಶೇ 11, ಬಣ್ಣ ಕಿತ್ತಳೆ. ಕಂಪಾರಿಯ ಮದ್ಯಸಾರ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಸುಮಾರು ಶೇ 20ರಿಂದ 28ರವರೆಗೆ. ಈ ಕುಲದ ಹಲವು ಮದ್ಯಗಳಲ್ಲಿ ಕಹಿಯ ಬೆನ್ನೆಲುಬಾಗಿ ನಿಲ್ಲುವುದು ಜೆಂಟಿಯನ್ ಎಂಬ ಪರ್ವತ ಗಿಡದ ಬೇರು. ಅದರಲ್ಲಿರುವ ಅಮರೊಜೆಂಟಿನ್ ಎಂಬ ವಸ್ತು ಎಷ್ಟು ಕಹಿಯೆಂದರೆ 5.8 ಕೋಟಿ ಪಾಲು ನೀರಿಗೆ ಒಂದು ಪಾಲು ಬೆರೆಸಿದರೂ ನಾಲಿಗೆ ಅದನ್ನು ಪತ್ತೆ ಹಚ್ಚುತ್ತದೆ ಎಂದು ಔಷಧ ಶಾಸ್ತ್ರದ ಗ್ರಂಥಗಳು ಲೆಕ್ಕ ಕೊಡುತ್ತವೆ. ಇದು ನಮಗೆ ಹೊಸದಲ್ಲ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಜ್ವರದ ಕಷಾಯಕ್ಕೆಂದು ಕಟ್ಟಿ ಕೊಡುವ ಕಿರಾತಕಡ್ಡಿ ಹಿಮಾಲಯದ ಗಿಡ, ಜೆಂಟಿಯನ್ನಿನ ಕುಟುಂಬಕ್ಕೇ ಸೇರಿದ್ದು. ಅಮರೊಜೆಂಟಿನ್ ಅದರಲ್ಲೂ ಇದೆ. ಕಿರಾತಕಡ್ಡಿ ದುಬಾರಿಯಾದಾಗ ಅದರ ಜಾಗಕ್ಕೆ ನೆಲಬೇವು ಬರುತ್ತದೆ. ಗಿಡದ ಕುಟುಂಬ ಬೇರೆ, ಕಹಿಯಲ್ಲಿ ಕಡಿಮೆಯೇನಿಲ್ಲ.

ನೊವಾರಾದಲ್ಲಿ ಕಂಪಾರಿ ಹುಟ್ಟಿದ ಅದೇ 1860ರಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ಗಿಡಗಳು ನೀಲಗಿರಿಗೆ ಬಂದಿಳಿದವು. ಅದರ ತೊಗಟೆಯಿಂದ ಬರುವುದು ಕ್ವಿನೈನ್. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ಮದ್ರಾಸ್ ಸರ್ಕಾರ ನೀಲಗಿರಿಯ ನಡುವಟ್ಟಂನಲ್ಲಿ ಕ್ವಿನೈನ್ ತಯಾರಿಸುತ್ತಿತ್ತು. ಚಳಿಜ್ವರದ ಮದ್ದಾಗಿ ಈ ಸೀಮೆಯ ನಾಲಿಗೆಗಳು ಬಲ್ಲ ಆ ಕಹಿಯೇ ಟಾನಿಕ್ ವಾಟರ್ ಎಂಬ ಸೋಡಾದಲ್ಲಿ ಸಕ್ಕರೆಯ ಜೊತೆ ಕೂತಿದೆ. ಮದ್ದಿನ ಕಪಾಟಿನಿಂದ ಊಟದ ಮೇಜಿಗೆ ಕಹಿ ಬಂದ ದಾರಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ.

ಲೋಟದೊಳಗಿನ ಲೆಕ್ಕ

ಕಾಕ್‌ಟೇಲ್ ಎಂದರೆ ಬಣ್ಣಬಣ್ಣದ ಸಿಹಿ ನೀರಿಗೆ ಕದ್ದು ಸೇರಿಸಿದ ಮದ್ಯ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚರಿತ್ರೆ ಬೇರೆ ಹೇಳುತ್ತದೆ. 1806ರಲ್ಲಿ ನ್ಯೂಯಾರ್ಕ್ ಸೀಮೆಯ ಹಡ್ಸನ್ ಊರಿನ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರವಾಗಿ ಕಾಕ್‌ಟೇಲ್‌ಗೆ ಅರ್ಥ ಕೊಟ್ಟಿತು: ಯಾವುದಾದರೊಂದು ಮದ್ಯ, ಸಕ್ಕರೆ, ನೀರು ಮತ್ತು ಕಹಿ ಸಾರ. ನಾಲ್ಕರಲ್ಲಿ ಒಂದು ಕಹಿ, ಅದಿಲ್ಲದಿದ್ದರೆ ಆ ಹೆಸರೇ ಇಲ್ಲ. 1824ರಲ್ಲಿ ಡಾ. ಸೀಗರ್ಟ್ ವೆನೆಜುವೆಲಾದಲ್ಲಿ ತಯಾರಿಸಿದ ಅಂಗೊಸ್ತೂರಾದಂಥವು ಹನಿ ಲೆಕ್ಕದಲ್ಲಿ ಬೀಳುವ ಕಹಿಗಳು. ಕಂಪಾರಿ ಹನಿಯಾಗಿ ಬೀಳುವುದಿಲ್ಲ, ಸಮಪಾಲು ಬೇಡುತ್ತದೆ. ಅದರ ಪಾಕದಲ್ಲಿ ಕಹಿಯ ಜೊತೆ ಸಿಹಿಯೂ ಸೇರಿರುವುದರಿಂದ ಆ ಪಾಲು ಸಲ್ಲುತ್ತದೆ.

ಇದನ್ನು ವಿವರಿಸಲು ಯುಗಾದಿಯ ಬೇವು–ಬೆಲ್ಲವನ್ನು ಎಳೆದು ತರುವುದು ಸುಲಭ. ಅದು ವರ್ಷಕ್ಕೊಮ್ಮೆ ಶಾಸ್ತ್ರಕ್ಕೆ ನುಂಗುವ ಚಿಟಿಕೆ, ರುಚಿಯ ಪಾಠ ಅಲ್ಲಿ ಕಡಿಮೆ. ಹಾಗಲಕಾಯಿ ಗೊಜ್ಜು ಹೆಚ್ಚು ಕಲಿಸುತ್ತದೆ. ಅದನ್ನು ಮಾಡುವವರು ಹಾಗಲದ ಕಹಿಯನ್ನು ಪೂರ್ತಿ ತೆಗೆಯುವುದಿಲ್ಲ. ಉಪ್ಪು ಸವರಿ ಹಿಂಡಿ ಸ್ವಲ್ಪ ಇಳಿಸಿ, ಹುಣಸೆಹುಳಿ ಮತ್ತು ಬೆಲ್ಲವನ್ನು ಅದರ ಎದುರಿಗೆ ನಿಲ್ಲಿಸುತ್ತಾರೆ. ಬೆಲ್ಲ ಹೆಚ್ಚಾದರೆ ಗೊಜ್ಜು ಪಾಯಸದ ಕಡೆ ವಾಲುತ್ತದೆ, ಹಿಂಡಿದ್ದು ಹೆಚ್ಚಾದರೆ ಅದು ಯಾವ ಕಾಯಿಯ ಗೊಜ್ಜೂ ಆಗಬಹುದು. ಉಪ್ಪಿನ ಪಾತ್ರ ಇಲ್ಲಿ ಬರೀ ರೂಢಿಯದಲ್ಲ. ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ಅದುಮುತ್ತದೆ, ಅದುಮಿದಾಗ ಅಡಗಿದ್ದ ಸಿಹಿ ಮೇಲೆ ಬರುತ್ತದೆ ಎಂದು ರುಚಿಯ ಪ್ರಯೋಗಗಳು ತೋರಿಸಿವೆ. ಇಟಲಿಯವರು ಕಹಿ ಲೋಟದ ಪಕ್ಕ ಉಪ್ಪು ಹಾಕಿದ ಆಲಿವ್, ಹುರಿದ ಆಲೂಗಡ್ಡೆ ಬಿಲ್ಲೆ ಇಡುವುದರ ಹಿಂದೆ ಇದೇ ನಂಟಿದೆ. ನಮ್ಮಲ್ಲಿ ಆ ಕೆಲಸವನ್ನು ಮಂಡಕ್ಕಿ–ಮಿರ್ಚಿ ಅವಕ್ಕಿಂತ ಚೆನ್ನಾಗಿಯೇ ಮಾಡೀತು.

ಪ್ರಸಿದ್ಧ ನೆಗ್ರೋನಿಯ ಅಳತೆ ಮಗ್ಗಿಯಷ್ಟೇ ಸುಲಭ: ಜಿನ್, ಕಂಪಾರಿ, ಸಿಹಿ ವರ್ಮೂತ್, ತಲಾ 30 ಮಿಲಿಲೀಟರ್. ವರ್ಮೂತ್ ಎಂದರೆ ಮೂಲಿಕೆಗಳ ಸಾರ ಮತ್ತು ಸ್ವಲ್ಪ ಮದ್ಯಸಾರ ಸೇರಿಸಿದ ವೈನ್. ಮೂರನ್ನೂ ಮಂಜುಗಡ್ಡೆಯ ಜೊತೆ ಅರ್ಧ ನಿಮಿಷ ತಿರುವಿ ಕಿತ್ತಳೆ ಸಿಪ್ಪೆಯ ಎಣ್ಣೆ ಹಿಂಡಿದರೆ ಆಯಿತು. 1919ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಕಾಮಿಲ್ಲೊ ನೆಗ್ರೋನಿ ಎಂಬ ಶ್ರೀಮಂತ ತನ್ನ ಅಮೆರಿಕಾನೊ ಪಾನೀಯದಲ್ಲಿ ಸೋಡಾದ ಬದಲು ಜಿನ್ ಹಾಕಿಸಿಕೊಂಡದ್ದರಿಂದ ಇದು ಹುಟ್ಟಿತೆಂಬುದು ಪ್ರತೀತಿ. ಕತೆಗಿಂತ ಅದರೊಳಗಿನ ಸುಳಿವು ಮುಖ್ಯ. ಅಮೆರಿಕಾನೊ ಹಳೆಯದು, ಅದರಲ್ಲಿ ಕಂಪಾರಿ, ವರ್ಮೂತ್, ಮೇಲೆ ಸೋಡಾ, ಇಷ್ಟೇ. ಕುರೆಕುಪ್ಪದಂಥ ಊರಿನ ಸೆಕೆಗೆ ಒಪ್ಪುವುದು ಈ ಹಳೆಯದೇ. ನೆಗ್ರೋನಿ ಬಿಸಿಯೇರಿದಂತೆ ಸಿಹಿ ಮುಂದೆ ಬಂದು ಪಾಕದಂತಾಗುತ್ತದೆ, ನಲವತ್ತು ಡಿಗ್ರಿಯ ಊರಿನಲ್ಲಿ ಲೋಟದ ಮಂಜುಗಡ್ಡೆಗೆ ಆಯಸ್ಸು ಕಡಿಮೆ. ಸೋಡಾ ತುಂಬಿದ ಉದ್ದ ಲೋಟದಲ್ಲಿ ಕಹಿ ತೆಳುವಾಗಿ ಹರಡಿ ಬಾಯಾರಿಕೆಗೂ ಒಂದು ದಾರಿಯಾಗುತ್ತದೆ.

ಸಾರಾಯಿ ಕಂಡ ಊರಿಗೆ ಈ ಮಾತೇಕೆ?

ಮೊದಲ ಆಕ್ಷೇಪಣೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಗಣಿ, ಕಾರ್ಖಾನೆ, ಕೂಲಿಯ ಊರುಗಳಲ್ಲಿ ಕುಡಿತ ಎಂದರೆ ಸಂಬಳದ ದಿನ ಖಾಲಿಯಾಗುವ ಜೇಬು, ಮನೆಯ ಹೊಡೆದಾಟ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ನಿಷೇಧ ಕುಡಿತವನ್ನು ನಿಲ್ಲಿಸಲಿಲ್ಲ, ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಪುಟ್ಟ ಪ್ಯಾಕುಗಳು ಬಂದವು. 2019ರ ಜನವರಿಯಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಅಂಥವರ ಮುಂದೆ ಇಟಲಿಯ ಕಹಿಯ ಸೊಗಸು ಹೇಳುವುದು ಉಳ್ಳವರ ಹುಡುಗಾಟವಲ್ಲವೇ?

ಅವರ ಸಂಕಟಕ್ಕೆ ಈ ಲೋಟ ಮದ್ದಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸಂಕಟವನ್ನು ಕೆದಕಿ ನೋಡಿದರೆ ಅಲ್ಲಿ ಕಾಣುವುದು ಬರೀ ಮದ್ಯವಲ್ಲ, ಮದ್ಯ ಕುಡಿಸುವ ಒಂದು ಕ್ರಮ. ಚಿಲ್ಲರೆ ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ, ಕೂತು ಕುಡಿಯುವ ಬಾರಿನಲ್ಲಿ ಬೆಲೆ ಹೆಚ್ಚು. ಹೀಗಾಗಿ ಕಡಿಮೆ ದುಡ್ಡಿನವ ನಿಂತಲ್ಲೇ, ಹಸಿದ ಹೊಟ್ಟೆಯಲ್ಲಿ, ಕತ್ತಲೆಯಲ್ಲಿ ಬೇಗ ಮುಗಿಸುತ್ತಾನೆ. ಲೆಕ್ಕ ಹಾಕಿ ನೋಡಿ. ನಮ್ಮ ವಿಸ್ಕಿ, ರಮ್ಮುಗಳ ಮದ್ಯಸಾರ ಸಾಮಾನ್ಯವಾಗಿ ಶೇ 42.8. ಒಂದು ನೈಂಟಿಯಲ್ಲಿ ಶುದ್ಧ ಮದ್ಯಸಾರ 38.5 ಮಿಲಿಲೀಟರ್. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 52. ಕಂಪಾರಿ ಶೇ 25, ವರ್ಮೂತ್ ಶೇ 16 ಎಂದಿಟ್ಟುಕೊಂಡರೆ ಒಂದು ನೆಗ್ರೋನಿಯಲ್ಲಿ ಸುಮಾರು 25, ಜಿನ್ ಇಲ್ಲದ ಅಮೆರಿಕಾನೊದಲ್ಲಿ ಸುಮಾರು 12. ಅಂದರೆ ನೆಗ್ರೋನಿ ಒಂದು ಲಾರ್ಜ್ ಪೆಗ್ಗಿಗೆ ಸಮ, ಅದನ್ನು ಹಗುರ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಅಮೆರಿಕಾನೊ ನೈಂಟಿಯ ಮೂರನೇ ಒಂದು ಭಾಗ. ಎರಡು ನಿಮಿಷದಲ್ಲಿ 38 ಒಳಗೆ ಹೋಗುವುದಕ್ಕೂ ಮುಕ್ಕಾಲು ಗಂಟೆ ಮಾತಿನ ನಡುವೆ, ಬಾಯಿಗೆ ಏನಾದರೂ ಹಾಕಿಕೊಳ್ಳುತ್ತ 12 ಹೋಗುವುದಕ್ಕೂ ದೇಹದ ಮೇಲೆ ಆಗುವ ಪರಿಣಾಮ ಒಂದೇ ಅಲ್ಲ.

ಇಲ್ಲಿ ಒಬ್ಬ ಜಾಣ ಓದುಗ ಕೇಳಬಹುದು: ನಿಧಾನ ಮಾಡಿಸುವುದು ಸೋಡಾವೋ ಕಹಿಯೋ? ಎರಡೂ. ಆದರೆ ಸೋಡಾ ಬೆರೆಸಿದ ವಿಸ್ಕಿಯನ್ನು, ಸಿಹಿ ತಂಪುಪಾನೀಯ ಬೆರೆಸಿದ ರಮ್ಮನ್ನು ಲೋಟಗಟ್ಟಲೆ ಸುರಿದುಕೊಳ್ಳುವುದು ಕಷ್ಟವಲ್ಲ. ಸಿಹಿ ಮದ್ಯದ ಕಾವನ್ನು ಮರೆಸುತ್ತದೆ, ಮರೆತ ನಾಲಿಗೆ ಇನ್ನೊಂದು ಕೇಳುತ್ತದೆ. ಕಹಿ ವಿಷದ ಸೂಚನೆ ಎಂದು ನಮ್ಮ ಮೈ ಕಲಿತಿದೆ. ಮನುಷ್ಯನಲ್ಲಿ ಸಿಹಿಗೆ ಒಂದೆರಡು ಬಗೆಯ ಗ್ರಾಹಿಗಳಿದ್ದರೆ ಕಹಿಗೆ ಸುಮಾರು 25 ಬಗೆಯವು. ಆ ಎಚ್ಚರಿಕೆ ಪ್ರತಿ ಗುಟುಕಿಗೂ ಬಡಿಯುತ್ತಿರುತ್ತದೆ, ಗುಟುಕು ಚಿಕ್ಕದಾಗುತ್ತದೆ. ಹಾಗೆಂದು ಕಹಿಯನ್ನು ಕಾವಲುಗಾರನೆಂದು ಪೂರ್ತಿ ನಂಬುವಂತಿಲ್ಲ. ರೂಢಿಯಾದ ಕಾಫಿಯ ಕಹಿ ಯಾರನ್ನೂ ತಡೆಯುವುದಿಲ್ಲ, ಕಂಪಾರಿಗೆ ಪಳಗಿದವನನ್ನೂ ಅದು ತಡೆಯಲಿಕ್ಕಿಲ್ಲ. ಮದ್ಯಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಹಿ ಆ ಅಪಾಯಕ್ಕೆ ರಿಯಾಯಿತಿ ಕೊಡುವುದಿಲ್ಲ.

ಜೀರ್ಣಕ್ಕೆ ಒಳ್ಳೆಯದೆಂಬ ಮಾತು

ಕಹಿ ಹಸಿವೆ ತರುತ್ತದೆ, ಲಿವರ್ ತೊಳೆಯುತ್ತದೆ ಎಂದು ಜಾಹೀರಾತು, ಅಜ್ಜಿಮದ್ದು ಎರಡೂ ಹೇಳುತ್ತವೆ. ಬಾಯಲ್ಲಿ ನೀರೂರುವುದು ನಿಜ. ಜೆಂಟಿಯನ್ ಬೇರನ್ನು ಹಸಿವಿಲ್ಲದಿದ್ದಾಗ ಬಳಸುವ ರೂಢಿಗೆ ಯುರೋಪಿನ ಔಷಧ ಪ್ರಾಧಿಕಾರ ಸಾಂಪ್ರದಾಯಿಕ ಬಳಕೆ ಎಂಬ ಮಟ್ಟಿಗಿನ ಮಾನ್ಯತೆ ಕೊಟ್ಟಿದೆ. ಲಿವರ್ ತೊಳೆಯಲು ಮದ್ಯ ಕುಡಿಯುವುದು ಮಾತ್ರ ತಮಾಷೆ. ನಮ್ಮ ಮನೆಗಳ ದ್ರಾಕ್ಷಾಸವ, ಅಶೋಕಾರಿಷ್ಟಗಳ ಲೇಬಲ್ ಓದಿದರೆ ಅವುಗಳಲ್ಲೂ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಶೇ 12ರವರೆಗೂ ಇರಬಹುದೆಂದು ಕಾಣುತ್ತದೆ. ಅಪೆರೋಲಿನಷ್ಟೇ ಆಯಿತು! ಕಹಿ ಮೂಲಿಕೆ ಮತ್ತು ಮದ್ಯಸಾರದ ನಂಟು ಪರದೇಶದ ಶೋಕಿ ಎನ್ನುವವರಿಗೆ ಇಷ್ಟು ಸಾಕು. ಅರಿಷ್ಟವನ್ನು ಚಮಚದಲ್ಲಿ ಅಳೆಯುತ್ತಾರೆ ಎಂಬುದೂ ಅಲ್ಲಿಯೇ ಬರೆದಿರುತ್ತದೆ.

ಮದ್ಯವಿಲ್ಲದೆಯೂ ಆ ಹೊತ್ತು

ಕಹಿಯೇ ಮುಖ್ಯವಾದರೆ ಮದ್ಯ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮದ್ಯಸಾರ ನೀರು ಬಿಡಿಸಲಾರದ ಸಾರವನ್ನು ಬಿಡಿಸುತ್ತದೆ, ಘಮವನ್ನು ಮೇಲೆತ್ತುತ್ತದೆ, ಕೆಡದಂತೆ ಇಡುತ್ತದೆ. ಅದರ ಉಪಯೋಗ ಇಷ್ಟು. ಅದಿಲ್ಲದೆಯೂ ನಡೆಯುತ್ತದೆಂದು ಇಟಲಿಯವರೇ ತೋರಿಸಿದ್ದಾರೆ. 1960ರ ದಶಕದಿಂದ ಅಲ್ಲಿ ಮಾರುವ ಕ್ರೊದಿನೊ ಎಂಬ ಪುಟ್ಟ ಬಾಟಲಿಯಲ್ಲಿ ಮದ್ಯವಿಲ್ಲ, ಕಹಿ ಇದೆ. ಸಂಜೆಯ ಅದೇ ಮೇಜಿನಲ್ಲಿ, ಅದೇ ತಿನಿಸಿನ ಜೊತೆ ಕುಡಿಯದವರೂ ಕಹಿಯ ಲೋಟ ಹಿಡಿದು ಕೂರುತ್ತಾರೆ. ನಮ್ಮ ಊರುಗಳಲ್ಲಿ ಕುಡಿಯುವವರ ಮೇಜಿಗೆ ಬಂದ ಕುಡಿಯದವನಿಗೆ ಸಿಗುವುದು ಸಕ್ಕರೆ ತುಂಬಿದ ತಂಪುಪಾನೀಯ, ಅದು ಊಟದ ಹಸಿವನ್ನೂ ಕೊಲ್ಲುತ್ತದೆ.

ಈ ಸೀಮೆಗೆ ಬೇಕಾದ ಸಾಮಗ್ರಿ ಹೊರಗಿನಿಂದ ಬರಬೇಕಾಗಿಯೂ ಇಲ್ಲ. 1520ರ ಹೊತ್ತಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ದಿನವೂ ಹೇರು ಹೇರಾಗಿ ಬರುವ ನಿಂಬೆಯನ್ನೂ ಸಿಹಿ, ಹುಳಿ ಎರಡೂ ಬಗೆಯ ಕಿತ್ತಳೆಯನ್ನೂ ಕಂಡು ಬೆರಗಾಗಿ ಬರೆದಿದ್ದಾನೆ. ಇವತ್ತು ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ಬಳಸುವ ಹೇರಳೆಕಾಯಿಯ ಸಿಪ್ಪೆಯಲ್ಲಿ ಕಂಪಾರಿಯ ಬಂಧುವೇ ಆದ ಕಿತ್ತಳೆಗಹಿ ಇದೆ. ರಸಕ್ಕೆ ಹಿಂಡಿದ ಮೇಲೆ ಅದನ್ನು ಎಸೆಯುತ್ತೇವೆ. ಬಿಳಿ ತಿರುಳಿಲ್ಲದಂತೆ ತೆಳುವಾಗಿ ಹೆರೆದ ಸಿಪ್ಪೆಯನ್ನು ಸಕ್ಕರೆಯಲ್ಲಿ ಒಂದು ರಾತ್ರಿ ಇಟ್ಟರೆ ಎಣ್ಣೆ ಬಿಡುತ್ತದೆ. ಆ ಪಾಕ ಎರಡು ಚಮಚ, ಹೇರಳೆ ರಸ ಒಂದು ಚಮಚ, ಚಿಟಿಕೆ ಉಪ್ಪು, ಮೇಲೆ ತಣ್ಣನೆಯ ಟಾನಿಕ್ ವಾಟರ್. ಗೂಡಂಗಡಿಯ ನಿಂಬೆ ಸೋಡಾ ಬಲ್ಲ ಕೈಗೆ ಇದು ದೊಡ್ಡ ವಿದ್ಯೆಯಲ್ಲ. ಸೋಡಾ ಅಂಗಡಿಯವರು ಜಲ್ಜೀರಾ, ಮಸಾಲಾ ಸೋಡಾಗಳನ್ನು ಕಲಿತಂತೆ ಇದನ್ನೂ ಕಲಿತರೆ ಮಿರ್ಚಿಯ ಬಾಣಲೆಗೆ ತಕ್ಕ ಜೋಡಿ ಸಿಕ್ಕಂತಾಗುತ್ತದೆ.

ಬೆಲೆಯ ಮಾತು, ಬಾರಿನವರಿಗೊಂದು ಮಾತು

ಕೊನೆಯ ಆಕ್ಷೇಪಣೆ ದುಡ್ಡಿನದು. ಹೊರದೇಶದ ಮದ್ಯದ ಮೇಲೆ ಕೇಂದ್ರದ ಆಮದು ಸುಂಕ ಬಹುಕಾಲ ಶೇ 150 ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ. ಇಂಥ ಬಾಟಲಿ ಕುರೆಕುಪ್ಪದ ಬಾರಿನ ಕಪಾಟಿಗೆ ದಿನಬಳಕೆಯ ಸರಕಾಗಿ ಬರುವುದು ಕಷ್ಟ. ಹೊಸಪೇಟೆಯ, ವಿದ್ಯಾನಗರದ ದೊಡ್ಡ ಹೋಟೆಲುಗಳಿಗೆ ಮಾತ್ರ ಹೊಂದುವ ವ್ಯಾಪಾರ ಇದು. ಆದರೂ ಲೆಕ್ಕ ಪೂರ್ತಿ ನೋಡಬೇಕು. 750 ಮಿಲಿಲೀಟರಿನ ಬಾಟಲಿಯಿಂದ 30ರ ಅಳತೆಯಲ್ಲಿ 25 ಲೋಟ ಬರುತ್ತವೆ. ಸಕ್ಕರೆ, ಮದ್ಯಸಾರ ಎರಡೂ ಇರುವುದರಿಂದ ಮುಚ್ಚಳ ತೆಗೆದ ಮೇಲೂ ತಿಂಗಳುಗಟ್ಟಲೆ ಕೆಡುವುದಿಲ್ಲ.

ಕೆಡುವುದು ಅದರ ಜೊತೆಗಾರ. ಹಂಪಿ ನೋಡಲು ಬಂದವರು ಕೇಳಿದರೆಂದು ನೆಗ್ರೋನಿ ಕೊಡುವ ಬಾರುಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ವರ್ಮೂತ್ ಮೂಲತಃ ವೈನ್. ತೆರೆದ ಬಾಟಲಿಯನ್ನು ವಿಸ್ಕಿ, ರಮ್ಮುಗಳ ಸಾಲಿನಲ್ಲಿ ದೀಪದ ಬೆಳಕಿಗೆ ಶೋಕಿಗೆ ನಿಲ್ಲಿಸಿದರೆ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಸಪ್ಪೆಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಕುಡಿದವನು ಮುಖ ಕಿವುಚಿ ಕಂಪಾರಿಯ ಕಹಿಯನ್ನು ಬೈಯುತ್ತಾನೆ. ಚಿಕ್ಕ ಬಾಟಲಿ ತರಿಸಿ, ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಫ್ರಿಜ್ಜಿನಲ್ಲಿಟ್ಟು, ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಉಳಿದದ್ದನ್ನು ಅಡುಗೆಮನೆಗೆ ಕೊಡಬಹುದು.